ಒಂದು ಬೊಲೋನ್ಯ ದೂರ

ಜಗತ್ತಿನಲ್ಲಿ ಹೊಸ ಅಳತೆ ಹುಟ್ಟುಹಾಕಿದವರು ಬಹಳ ಜನ ಇಲ್ಲ. ಯಾವನೋ ಒಬ್ಬ ರಾಜ ತನ್ನ ಪಾದವನ್ನೇ ಅಳತೆ ಎಂದು ಸಾರಿದನಂತೆ. ಇನ್ನೊಂದು ದೇಶದ ಪಂಡಿತರು ಭೂಮಿಯ ಹೊಟ್ಟೆಗೆ ದಾರ ಸುತ್ತಿ ಮೀಟರು ಕತ್ತರಿಸಿಕೊಂಡರಂತೆ. ನಮ್ಮ ಮೊಲ್ದಾವಿಯ ಸೀಮೆಯ ಹಳೆಯ ದೊರೆಯೊಬ್ಬ ಗುಡ್ಡದ ಮೇಲಿಂದ ಬಾಣ ಬಿಟ್ಟು, ಅದು ನೆಟ್ಟಲ್ಲಿ ಮಠ ಕಟ್ಟಿಸಿದ. ಈ ಸಾಲಿನಲ್ಲಿ, ಅವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆಯೇ, ನಮ್ಮ ಗೊರುನೇನಿ ಹಳ್ಳಿಯ, ಚಳಿಗೆ ಮನೆ ಕಾಯಿಸುವ ಒಲೆ ಕಟ್ಟುವ ಗವ್ರಿಲಣ್ಣನನ್ನು ನಿಲ್ಲಿಸಬೇಕು. ರಾಜನಿಗೆ ಪಾದವಿತ್ತು, ಪಂಡಿತರಿಗೆ ಸರ್ಕಾರದ ಸಂಬಳವಿತ್ತು, ದೊರೆಗೆ ಬಿಲ್ಲಿತ್ತು. ಗವ್ರಿಲಣ್ಣನಿಗೆ ಇದ್ದದ್ದು ಒಂದು ಇಟ್ಟಿಗೆಯ ಒಲೆ, ಒಂದು ಫೋನು, ಮತ್ತು ಇಟಲಿಯಲ್ಲಿ ಒಬ್ಬ ಹೆಂಡತಿ.

ಅವನು ಹುಟ್ಟುಹಾಕಿದ ಅಳತೆಯ ಹೆಸರು ಬೊಲೋನ್ಯ.

ಅದು ಹುಟ್ಟಿದ್ದು ಒಂದು ಮಹಾಯುದ್ಧದಿಂದ. ಯುದ್ಧ ನಡೆದದ್ದು ಅಗ್ಲಾಯಕ್ಕನ ಅಂಗಡಿಯಲ್ಲಿ, ಉಪ್ಪಿನಕಾಯಿ ಡಬ್ಬಗಳ ಮಧ್ಯೆ. ಗವ್ರಿಲಣ್ಣನ ಹೆಂಡತಿ ಸಾಫ್ತಾ ಬೊಲೋನ್ಯ ಊರಲ್ಲಿ ಇರ್ಮಾ ಎಂಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ವರ್ಷ, ನಮ್ಮ ಬಕಾವ್ ಪಟ್ಟಣದಿಂದ ಅಲ್ಲಿಗೆ ವಿಮಾನ ಶುರುವಾಯಿತು. ಟಿಕೆಟ್ಟು ನೋಡಿದರೆ ಬಕಾವ್ ಬಿಡುವುದು ಮೂರಕ್ಕೆ, ಬೊಲೋನ್ಯ ಮುಟ್ಟುವುದು ನಾಲ್ಕಕ್ಕೆ. ಬರುವ ಟಿಕೆಟ್ಟಿನಲ್ಲಿ ಬಿಡುವುದು ನಾಲ್ಕೂವರೆಗೆ, ಮುಟ್ಟುವುದು ಏಳೂವರೆಗೆ. ಹೋಗಲು ಒಂದು ಗಂಟೆ, ಬರಲು ಮೂರು. ಊರು ಎರಡು ಪಾಳಯವಾಯಿತು.

"ಇದ್ರಲ್ಲೇನು ಸೋಜಿಗ?" ಎಂದಳು ಅಗ್ಲಾಯಕ್ಕ. "ಹೋಗೋವಾಗ ಬರಿಗೈ. ಬರೋವಾಗ ಎಣ್ಣೆ ಡಬ್ಬ, ಚಾಕೊಲೇಟು, ಸೋಪು. ಭಾರ ಹೊತ್ಕೊಂಡು ಏರು ಹತ್ತಬೇಕಲ್ಲ."

"ಆಕಾಶದಲ್ಲಿ ಏರು ಎಲ್ಲಿಂದ ಬಂತು ಮಾರಾಯ್ತಿ?" ಎಂದ ಎದುರು ಪಾಳಯದ ಕುಡುಕನೊಬ್ಬ.

"ಮನೆಗೆ ಬರೋ ದಾರಿ ಯಾವತ್ತೂ ಏರೇ. ನಿನ್ನನ್ನೇ ನೋಡು, ಇಲ್ಲಿಂದ ನಿನ್ನ ಮನೆಗೆ ಹೋಗೋಕೆ ಎಷ್ಟು ಸಲ ಬೀಳ್ತೀಯ."

ಇಟಲಿಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎಂದು ಶಾಲೆಯ ಮೇಷ್ಟರು ಹೇಳಿದರು. ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಗವ್ರಿಲಣ್ಣ ಎದ್ದು ಮನೆಗೆ ಹೋದ. ಒಲೆ ಕಟ್ಟುವವನು ಗಡಿಯಾರ ನಂಬುವುದಿಲ್ಲ, ಅಂಗೈ ನಂಬುತ್ತಾನೆ. ತಾನು ಕಟ್ಟಿದ ಒಲೆಗೆ ಬೆಂಕಿ ಕೊಟ್ಟ ಮೇಲೆ ಮೇಲಿನ ಹೆಂಚು ಆಗತಾನೇ ಬೆಂದ ರೊಟ್ಟಿಯಷ್ಟು ಬಿಸಿಯಾಗಲು ಎಷ್ಟು ಹೊತ್ತು ಬೇಕೆಂಬುದು ಅವನ ಅಂಗೈಗೆ ಗೊತ್ತು. ಸಾಫ್ತಾ ವಿಮಾನದಲ್ಲಿ ಕೂತು "ಬಾಗಿಲು ಹಾಕ್ತಿದಾರೆ, ಇಡ್ತೀನಿ" ಎಂದು ಫೋನು ಇಟ್ಟ ಕ್ಷಣ ಅವನು ಕಡ್ಡಿ ಗೀರಿದ. ಹೆಂಚಿನ ಮೇಲೆ ಕೈಯಿಟ್ಟು ಕೂತ. ಹೆಂಚು ರೊಟ್ಟಿಯಾಯಿತು, ಫೋನು ಬಡಿದುಕೊಂಡಿತು: "ಇಳಿದೆ."

ಅವಳು ಮೊದಲ ಸಲ ರಜೆಗೆ ಬಂದಾಗಲೂ ಹಾಗೇ. ಹೆಂಡತಿಯನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ನನ್ನನ್ನು ವ್ಯಾನು ಸಮೇತ ಅಟ್ಟಿ, ತಾನು ಒಲೆಯ ಪಕ್ಕ ಕೂತ. ಬಾಗಿಲು ಹಾಕಿದರು, ಕಡ್ಡಿ ಗೀರಿದ, ಹೆಂಚು ರೊಟ್ಟಿಯಾಯಿತು, "ಇಳಿದೆ." ಹೋಗುವುದಕ್ಕೂ ಒಂದೇ ಒಲೆ, ಬರುವುದಕ್ಕೂ ಒಂದೇ ಒಲೆ! ಎರಡು ಸರ್ಕಾರಗಳ ಗಡಿಯಾರಗಳು ಸುಳ್ಳಾದವು. ಸಾಫ್ತಾ ಮನೆಗೆ ಬಂದಾಗ ಕೋಣೆ ಬೆಚ್ಚಗಿತ್ತು. ತನಗಾಗಿ ಗಂಡ ಮನೆ ಬೆಚ್ಚಗೆ ಮಾಡಿಟ್ಟಿದ್ದಾನೆಂದು ಅವಳು ಕಣ್ಣೊರೆಸಿಕೊಂಡಳು. ಅವನು ವಿಜ್ಞಾನ ಮಾಡುತ್ತಿದ್ದನೆಂದು ಹೇಳಿ ನಾನು ಯಾಕೆ ಕೆಟ್ಟವನಾಗಲಿ?

ಅಂದಿನಿಂದ ಬಕಾವಿನಿಂದ ಬೊಲೋನ್ಯಕ್ಕೆ ಹಾರುವಷ್ಟು ಹೊತ್ತು ಅಂದರೆ ಒಂದು ಬೊಲೋನ್ಯ. ಮೊದಲು ಅವನೊಬ್ಬನೇ ಹೇಳುತ್ತಿದ್ದ. ಆಮೇಲೆ ಊರೇ ಹೇಳತೊಡಗಿತು. ಹುರುಳಿಕಾಯಿ ಬೀಜ ಬೇಯಲು ಒಂದು ಬೊಲೋನ್ಯ. ಪಾದ್ರಿ ವಿಸಾರಿಯೋನರ ಈಸ್ಟರ್ ಪ್ರಾರ್ಥನೆ ಎರಡು, ಗಂಟಲು ಕೆಟ್ಟಿದ್ದರೆ ಎರಡೂವರೆ. ರಾಜಧಾನಿ ಬುಕಾರೆಸ್ಟಿಗೆ ರೈಲಿನಲ್ಲಿ ಎರಡೂವರೆ. ಅಂದರೆ ಏನಾಯಿತು? ಸಾಫ್ತಾ ನಮಗೆ ರಾಜಧಾನಿಗಿಂತ ಹತ್ತಿರವಿದ್ದಾಳೆ ಎಂದಾಯಿತು. ಇದನ್ನು ಗವ್ರಿಲಣ್ಣ ವಾರಕ್ಕೊಮ್ಮೆ ಎಲ್ಲರಿಗೂ ನೆನಪಿಸುತ್ತಿದ್ದ. ಒಂಟಿ ಹಾಸಿಗೆಯಲ್ಲಿ ಮಲಗುವ ಗಂಡಸಿಗೆ ಇಂಥ ಲೆಕ್ಕ ಒಂದು ಹೆಚ್ಚಿನ ಕಂಬಳಿ ಇದ್ದಂತೆ.

ನನಗೆ ಮಾತ್ರ ಈ ಅಳತೆ ಕಂಡರೆ ಆಗುತ್ತಿರಲಿಲ್ಲ. ನಾನು ನೆಕುಲಾಯ್, ಇಟಲಿಗೆ ವ್ಯಾನು ಓಡಿಸುವವನು. ವಾರಕ್ಕೊಮ್ಮೆ ಇಲ್ಲಿಂದ ಹೆಂಗಸರು, ಚೀಸು, ಅಕ್ರೋಟು, ಪ್ಲಮ್ ಸಾರಾಯಿ. ಅಲ್ಲಿಂದ ಹೆಂಗಸರು, ಆಲಿವ್ ಎಣ್ಣೆ, ಯಾರೋ ಬಿಸಾಕಿದ ಬಟ್ಟೆ ತೊಳೆಯುವ ಯಂತ್ರ. ಹಂಗೇರಿ ದಾಟಿ, ಆಸ್ಟ್ರಿಯ ದಾಟಿ, ಒಂದು ಹಗಲು ಒಂದು ರಾತ್ರಿ ಮತ್ತೆ ಅರ್ಧ ಹಗಲು. ವಿಮಾನ ಬಂದ ಮೇಲೆ ನನ್ನ ಅರ್ಧ ಗಿರಾಕಿಗಳು ಮೋಡ ಹತ್ತಿದರು. ಉಳಿದರ್ಧದ ಮುಂದೆ ಗವ್ರಿಲಣ್ಣ ನನ್ನ ಮಾನ ಕಳೆಯುತ್ತಿದ್ದ.

"ನೆಕುಲಾಯ್, ನಿನ್ನ ವ್ಯಾನು ಹದಿನೈದು ಬೊಲೋನ್ಯ ಕಣಯ್ಯ. ಹದಿನೈದು! ಅಷ್ಟರಲ್ಲಿ ನಾನು ಒಂದು ಒಲೆ ಕಟ್ಟಿ, ಒಣಗಿಸಿ, ಅದರ ಮುಂದೆ ಮುದುಕನೂ ಆಗ್ಬೋದು."

"ನನ್ನ ವ್ಯಾನಲ್ಲಿ ಎಷ್ಟು ಕುಂಬಳಕಾಯಿ ಬೇಕಾದ್ರೂ ಹಾಕ್ಬೋದು. ನಿಮ್ಮ ವಿಮಾನದಲ್ಲಿ ಒಂದು ಸೌತೆಕಾಯಿ ಜಾಸ್ತಿಯಾದ್ರೆ ತೂಕ ಹಾಕ್ತಾರೆ. ಅದಿರ್ಲಿ, ನೀವು ಯಾವತ್ತು ಹತ್ತಿದ್ರಿ ವಿಮಾನ?"

ಆಗ ಅಗ್ಲಾಯಕ್ಕ ಕೌಂಟರಿನ ಹಿಂದಿನಿಂದ, "ಹತ್ತೋದ್ಯಾಕೆ? ಅವ್ರು ವಿಮಾನಗಳ ದೊರೆ. ದೊರೆ ಎಲ್ಲಾದ್ರೂ ಗಾಡಿ ಎಳೀತಾನಾ?" ಎನ್ನುತ್ತಿದ್ದಳು.

ನಿಜ, ಅವನು ಹತ್ತಿರಲಿಲ್ಲ. ಬೊಲೋನ್ಯದ ಜನಕ ಬಕಾವಿನ ಸಂತೆ ದಾಟಿ ಹೋದವನಲ್ಲ. ಆದರೆ ಪ್ರತಿ ಸಲ ಸಾಫ್ತಾ ರಜೆ ಮುಗಿಸಿ ಬಕಾವಿನ ವಿಮಾನ ನಿಲ್ದಾಣಕ್ಕೆ ಹೊರಟಾಗ ನನ್ನ ವ್ಯಾನಿನ ಬಾಗಿಲು ಹಿಡಿದು ಒಂದೇ ಮಾತು ಹೇಳುತ್ತಿದ್ದ: "ಏನಾದ್ರೂ ಆದ್ರೆ 'ಬಾ' ಅನ್ನು. ಅಷ್ಟೇ ಸಾಕು. ಒಂದು ಬೊಲೋನ್ಯ. ಒಲೆ ಬಿಸಿಯಾಗೋದ್ರೊಳಗೆ ನಿನ್ನ ಮುಂದೆ ಇರ್ತೀನಿ."

ಹನ್ನೆರಡು ವರ್ಷ ಅವಳು 'ಬಾ' ಅನ್ನಲಿಲ್ಲ. ಬೆಳ್ಳುಳ್ಳಿ ಕಳಿಸು ಅಂದಳು, ಹುಳಿ ಎಲೆಕೋಸು ಕಳಿಸು ಅಂದಳು, ಪ್ಲಮ್ ಜಾಮು ಕಳಿಸು ಅಂದಳು. ಅದೆಲ್ಲ ಹದಿನೈದು ಬೊಲೋನ್ಯ ದೂರ ನನ್ನ ವ್ಯಾನಿನಲ್ಲೇ ಹೋಯಿತು.

ಆ ವರ್ಷ ಅವಳು ಪೂರ್ತಿ ವಾಪಸ್ಸು ಬರುವವಳಿದ್ದಳು. ಸಂತ ದುಮಿತ್ರುವಿನ ಹಬ್ಬ ಕಳೆದು ಚಳಿ ಹಿಡಿಯುವ ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದಿದ್ದಳು. ಗವ್ರಿಲಣ್ಣ ಊರವರ ಕೆಲಸವನ್ನೆಲ್ಲ ಬದಿಗಿಟ್ಟು ತನ್ನ ಮನೆಯ ಮಲಗುವ ಕೋಣೆಯಲ್ಲಿ ಒಲೆ ಕಟ್ಟತೊಡಗಿದ. ಎಂಥ ಒಲೆ! ಹಸಿರು ಮೆರುಗಿನ ಹೆಂಚು, ಒಂದೊಂದರ ಮೇಲೂ ದ್ರಾಕ್ಷಿ ಗೊಂಚಲು, ಬೆನ್ನು ನೋವಿನವರು ಮೈಚಾಚಿ ಮಲಗಲು ಬೆಚ್ಚನೆಯ ಕಟ್ಟೆ. ಮುದುಕಿಯನ್ನು ಎತ್ತಿ ಇಳಿಸಿ ಸಾಫ್ತಾಳ ಬೆನ್ನು ಹೋಗಿತ್ತು.

ಕೆಳಗಿನ ಮೂರು ಸಾಲು ಹೆಂಚು ಕೂರಿಸಿದ ಬುಧವಾರ ಸಂಜೆ ಫೋನು ಬಂತು. ನಾನು ಅಲ್ಲೇ ಇದ್ದೆ, ಗಾರೆ ಕಲಸಿಕೊಡುತ್ತಾ ಗಾರೆಯನ್ನೂ ಅವನನ್ನೂ ಬೈಯುತ್ತಾ. ಅವನ ಕೈ ಮಣ್ಣಾಗಿತ್ತು. ನಾನೇ ಫೋನನ್ನು ಅವನ ಕಿವಿಗೆ ಹಿಡಿದೆ. ಸಾಫ್ತಾಳ ದನಿ ನನಗೂ ಕೇಳಿಸಿತು.

"ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದೆ. ಆಸ್ಪತ್ರೆಗೆ ಹಾಕಿದಾರೆ. ಹೃದಯದಲ್ಲಿ ಏನೋ ಇದೆಯಂತೆ. ಬರೋ ವಾರ ಕೊಯ್ದು ನೋಡ್ತಾರಂತೆ. ಗಾಬರಿಯಾಗ್ಬೇಡಿ."

"ಗಾಬರಿ ಏನಿಲ್ಲ," ಎಂದ ಅವನು. ಕೈಯಿಂದ ಮಣ್ಣು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆಮೇಲೆ ಅವಳು, "ಬನ್ನಿ," ಎಂದಳು.

ಅಗ್ಲಾಯಕ್ಕನ ಅಂಗಡಿಯಲ್ಲಿ ಆ ಸಂಜೆ ಯುದ್ಧಮಂಡಳಿ ಸೇರಿತು. ವಿಮಾನ ಹಾರುವುದು ವಾರಕ್ಕೆ ಎರಡೇ ಸಲ, ಮಂಗಳವಾರ ಮತ್ತು ಶನಿವಾರ. ನನ್ನ ವ್ಯಾನು ಗುರುವಾರ ಬೆಳಿಗ್ಗೆ ಹೊರಟು ಶುಕ್ರವಾರ ಮಧ್ಯಾಹ್ನ ದಾಟುವಷ್ಟರಲ್ಲಿ ಬೊಲೋನ್ಯದಲ್ಲಿರುತ್ತದೆ.

"ಹತ್ತಿ ಗವ್ರಿಲಣ್ಣ," ಎಂದೆ. "ಮುಂದಿನ ಸೀಟು ಕೊಡ್ತೀನಿ. ಚೀಸಿನ ವಾಸನೆ ಹಿಂದಿನ ಸೀಟಿಗೆ ಮಾತ್ರ."

"ಹದಿನೈದು ಬೊಲೋನ್ಯ," ಎಂದ ಅವನು.

"ಬುಕಾರೆಸ್ಟಿಂದ ದಿನಾ ವಿಮಾನ ಇದೆಯಂತಲ್ಲ," ಎಂದಳು ಅಗ್ಲಾಯಕ್ಕ.

"ಬುಕಾರೆಸ್ಟು ಎರಡೂವರೆ, ಅಲ್ಲಿಂದ ಮತ್ತೊಂದು. ಗೊತ್ತಿಲ್ಲದ ಊರು. ಯಾವ ಬಾಗಿಲಲ್ಲಿ ಒಳಗೆ ಹೋಗ್ಬೇಕೋ, ಯಾವ ಬಾಗಿಲಲ್ಲಿ ನನ್ನನ್ನ ಹೊರಗೆ ಹಾಕ್ತಾರೋ. ಅವಳು ಹನ್ನೆರಡು ವರ್ಷ ಬಂದಿದ್ದು ಹೋಗಿದ್ದು ಬಕಾವಿಂದ. ನಾನೂ ಅದ್ರಲ್ಲೇ ಹೋಗ್ತೀನಿ. ಶನಿವಾರ. ಒಂದು ಬೊಲೋನ್ಯ."

"ಅಲ್ಲಾ, ನಾನು ಶುಕ್ರವಾರ ಇರ್ತೀನಿ, ನೀವು ಶನಿವಾರ. ಯಾವುದು ಬೇಗ?"

"ನೀನು ಹೊರಟು ಒಂದೂವರೆ ದಿನಕ್ಕೆ ಮುಟ್ಟೋನು. ನಾನು ಹೊರಟ ಕೂಡ್ಲೇ ಮುಟ್ಟೋನು. ಕೊಯ್ಯೋದು ಬರೋ ವಾರ ಅಂದಿದಾರಲ್ಲ. ಅಷ್ಟರಲ್ಲಿ ಒಲೆನೂ ಮುಗೀತದೆ. ಅವಳನ್ನ ಕರ್ಕೊಂಡು ಬಂದು ಸೀದಾ ಕಟ್ಟೆ ಮೇಲೆ ಮಲಗಿಸ್ತೀನಿ."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಸರಿಯೆಂದು ತಲೆಯಾಡಿಸಿದರು. ಹನ್ನೆರಡು ವರ್ಷ ನಾವೆಲ್ಲ ಅದೇ ಅಳತೆಯಲ್ಲಿ ಬೀಜ ಬೇಯಿಸಿದವರು. ನಮಗೂ ಸಾಫ್ತಾ ಹತ್ತಿರವೇ ಇದ್ದಳು.

ಗುರುವಾರ ಬೆಳಿಗ್ಗೆ ಹೊರಡುವಾಗ ಅವನ ಗೇಟಿನ ಮುಂದೆ ವ್ಯಾನು ನಿಲ್ಲಿಸಿದೆ. "ಬರದಿದ್ರೆ ಬೇಡ," ಎಂದೆ. "ಬತ್ತಿ ಆದ್ರೂ ಕೊಟ್ಟು ಕಳಿಸಿ."

ನಮ್ಮಲ್ಲಿ ಸಾಯುವವರ ಕೈಯಲ್ಲಿ ಉರಿಯುವ ಮೇಣದ ಬತ್ತಿ ಇರಬೇಕು. ಬೆರಳಿಗೆ ಶಕ್ತಿ ಇಲ್ಲದಿದ್ದರೆ ತನ್ನವರೊಬ್ಬರು ಜೊತೆಗೆ ಹಿಡಿದುಕೊಳ್ಳಬೇಕು. ಪ್ರಾಣ ಮೇಲೆ ಹೋಗುವ ದಾರಿಯಲ್ಲಿ ಇಪ್ಪತ್ತನಾಲ್ಕು ಸುಂಕದ ಕಟ್ಟೆಗಳಿವೆ. ಆ ಬೆಳಕಿಲ್ಲದೆ ಹೋದವರು ಅಲ್ಲೆಲ್ಲ ಕತ್ತಲಲ್ಲಿ ತಡವರಿಸಬೇಕು. ಬದ್ಧವೈರಿಗೂ ನಮ್ಮವರು ಯೋಚಿಸಿ ಹಾಕುವ ಶಾಪ ಒಂದೇ: ಬತ್ತಿಯಿಲ್ಲದೆ ಸಾಯಿ. ಪ್ರತಿ ಮನೆಯಲ್ಲೂ ಈಸ್ಟರ್ ರಾತ್ರಿ ಚರ್ಚಿನಿಂದ ತಂದ ಬತ್ತಿಯೊಂದು ದೇವರ ಪಟದ ಹಿಂದೆ ಅದಕ್ಕೆಂದೇ ಕಾದಿರುತ್ತದೆ.

ಗವ್ರಿಲಣ್ಣ ಕೆಂಪಗಾದ. "ಬತ್ತಿ ಮುಂದಾಗಿ ಕಳ್ಸೋದು ಅಂದ್ರೆ ಸಾವಿಗೆ ಮುಂಗಡ ಕೊಟ್ಟಂಗೆ. ಬಾಯಿ ತೊಳ್ಕೋ ಹೋಗು."

"ಸುಮ್ನೆ ಜೊತೆಗಿರ್ಲಿ ಅಂತ ಅಂದೆ."

"ಅದು ನನ್ನ ಕೆಲಸ, ನೆಕುಲಾಯ್. ಬೇಕಾದ್ರೆ ನಾನೇ ತರ್ತೀನಿ. ಬೇಕಾಗಲ್ಲ." ಆಮೇಲೆ ಗೇಟಿನ ಮೇಲೆ ಕೈಯಿಟ್ಟು, ದನಿ ಇಳಿಸಿ, "ಈ ಜಾಮು ಕೊಡು ಅವಳಿಗೆ. ಬರ್ತಿದೀನಿ ಅನ್ನು," ಎಂದ.

ಶುಕ್ರವಾರ ಸಂಜೆ ಆಸ್ಪತ್ರೆಗೆ ಹೋದೆ. ಬಿಳಿ ಹಾಸಿಗೆಯ ಮೇಲೆ ಸಾಫ್ತಕ್ಕ ಜಡೆ ಬಿಚ್ಚಿ ಮಲಗಿದ್ದಳು. ನಾನು ಅವಳನ್ನು ತಲೆಗೆ ವಸ್ತ್ರ ಕಟ್ಟದೆ ನೋಡಿದ್ದು ಅದೇ ಮೊದಲು. ಅಷ್ಟು ಕೂದಲಿದೆ ಎಂದು ಗೊತ್ತಿರಲಿಲ್ಲ. ಅವಳು ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ಅವ್ರು?"

"ನಾಳೆ ಬರ್ತಾರಕ್ಕ. ವಿಮಾನದಲ್ಲಿ."

"ವಿಮಾನದಲ್ಲೇ?" ಅವಳು ನಕ್ಕಳು. ನಕ್ಕರೆ ಪಕ್ಕದಲ್ಲಿದ್ದ ಯಂತ್ರವೂ ಗಡಬಡಿಸಿ ಚುಯ್‌ಗುಟ್ಟಿತು. "ಹನ್ನೆರಡು ವರ್ಷ ನನ್ನನ್ನ ಅದ್ರಲ್ಲಿ ಕೂರಿಸಿ ಅಳತೆ ತಗೊಂಡ್ರು. ಒಂದ್ಸಲ ತಾವೂ ಕೂತು ನೋಡ್ಲಿ ಬಿಡು."

ಜಾಮಿನ ಡಬ್ಬ ತೆಗೆದು ಕೊಟ್ಟೆ. ಅವಳು ಅದನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿಂಗೊಂದು ಗುಟ್ಟು ಹೇಳ್ತೀನಿ. ಅವ್ರಿಗೆ ಹೇಳ್ಬಾರ್ದು, ಆಣೆ. 'ಬಾಗಿಲು ಹಾಕ್ತಿದಾರೆ' ಅಂತ ಫೋನ್ ಮಾಡ್ತಿದ್ನಲ್ಲ, ಅವಾಗ ಬಾಗಿಲು ಹಾಕಿರ್ತಾನೇ ಇರ್ಲಿಲ್ಲ. ಸೀಟು ಸಿಕ್ಕಿದ ಕೂಡ್ಲೇ ಮಾಡಿಬಿಡ್ತಿದ್ದೆ, ಆಮೇಲೆ ಮರೆತುಹೋಗತ್ತೆ ಅಂತ. 'ಇಳಿದೆ' ಅನ್ನೋದು ಇನ್ನೂ ಮಜಾ. ಬ್ಯಾಗು ಸಿಗೋವರೆಗೆ ನಂಗೆ ಫೋನಿನ ನೆನಪಾದ್ರೂ ಎಲ್ಲಿ?"

"ಅಯ್ಯೋ ಅಕ್ಕ! ಹಂಗಾದ್ರೆ ಊರಲ್ಲಿ ಎಲ್ಲರ ಬೀಜನೂ ತಪ್ಪು ಬೇಯ್ತಿದೆ!"

ಇಬ್ಬರೂ ನಕ್ಕೆವು. ನರ್ಸು ಬಂದು ನನ್ನನ್ನು ಗದರಿದಳು. ನರ್ಸು ಹೋದ ಮೇಲೆ ಸಾಫ್ತಕ್ಕ ಛಾವಣಿ ನೋಡುತ್ತಾ ಹೇಳಿದಳು: "ಆದ್ರೆ ನೆಕುಲಾಯ್, ಅವ್ರು ಅಳೀತಿದ್ದದ್ದು ಒಂದೇ ತುಂಡು. ಇರ್ಮಾ ಅಜ್ಜಿ ಮನೆಯಿಂದ ಬಸ್ಸು, ಬಸ್ಸಿಂದ ಇನ್ನೊಂದು ಬಸ್ಸು, ಆ ಸಾಲು, ಆ ತೂಕ, ಬೂಟು ಬಿಚ್ಚು, ಸೊಂಟಪಟ್ಟಿ ಬಿಚ್ಚು. ರಜೆಗೆ ಬಿಡಿ ಅಂತ ಅಜ್ಜಿ ಮಗಳ ಹತ್ರ ತಿಂಗಳುಗಟ್ಟಲೆ ಬೇಡ್ಕೋ. ಅದಕ್ಕೆಲ್ಲ ಅವ್ರ ಹತ್ರ ಒಲೆ ಇಲ್ಲ. ಮೋಡದ ಮೇಲಿನ ಆ ಎರಡು ಗಂಟೆ ಇದೆಯಲ್ಲ, ವರ್ಷಕ್ಕೆಲ್ಲ ಅದೊಂದೇ ನನ್ನದು. ಯಾರ ಬಟ್ಟೆನೂ ಒದ್ದೆ ಇಲ್ಲ, ಯಾರಿಗೂ ಹಸಿವಿಲ್ಲ. ಕಿಟಕಿಗೆ ತಲೆ ಕೊಟ್ಟು ಕೂರ್ತಿದ್ದೆ. ಇನ್ನೂ ಸ್ವಲ್ಪ ದೂರ ಇರಬಾರ್ದಾ ಅನಿಸ್ತಿತ್ತು."

ನಾನು ಅವಳ ಕಾಲ ಮೇಲಿನ ಕಂಬಳಿ ಸರಿಪಡಿಸಿ ಎದ್ದೆ.

ಹೊರಡುವಾಗ ಅವಳು ತೋಳು ಹಿಡಿದಳು. "ಬತ್ತಿ ಕೊಟ್ಟು ಕಳಿಸಿದಾರಾ?"

"ಬತ್ತಿ ಯಾಕಕ್ಕ? ಇಷ್ಟು ನಗ್ತಿದೀಯ."

"ನಗೋರು ಸಾಯಲ್ವಾ?" ಎಂದಳು. ಆಮೇಲೆ ನನ್ನ ಮುಖ ನೋಡಿ, ನನಗೇ ಸಮಾಧಾನ ಹೇಳುವವಳಂತೆ, "ಇರ್ಲಿ, ನಾಳೆ ತಾನೇ. ಒಂದು ಬೊಲೋನ್ಯ," ಎಂದು ತೋಳು ಬಿಟ್ಟಳು.

ಬೆಳಕು ಹರಿಯುವ ಮೊದಲೇ ಹೋದಳು. ಇರ್ಮಾ ಅಜ್ಜಿಯ ಮಗಳು ನನಗೆ ಫೋನು ಮಾಡಿದಳು. ನಾನು ಗವ್ರಿಲಣ್ಣನಿಗೆ ಮಾಡಿದೆ. ಅವನು ಎದ್ದಿದ್ದ. ಕ್ಷೌರ ಮಾಡಿಕೊಳ್ಳುತ್ತಿದ್ದನೆಂದು ಆಮೇಲೆ ಅಗ್ಲಾಯಕ್ಕ ಹೇಳಿದಳು, ಒಂದೇ ಕೆನ್ನೆ ಆಗಿತ್ತಂತೆ. ಹೇಳಬೇಕಾದ್ದನ್ನು ನಾನು ಹೇಳಿದೆ. ಆಮೇಲೆ ಕೇಳಿದ:

"ಕೈಯಲ್ಲಿ?"

"ಇರ್ಲಿಲ್ಲ, ಗವ್ರಿಲಣ್ಣ."

"ಯಾರಾದ್ರೂ ಪಕ್ಕದಲ್ಲಿ?"

"ಇರ್ಲಿಲ್ಲ."

ಇನ್ನೊಂದು ಕೆನ್ನೆಯ ಕ್ಷೌರ ಮಾಡಿಕೊಳ್ಳದೆಯೇ ಅವನು ವಿಮಾನ ಹತ್ತಿದ.

ಆ ದಿನ ಬೊಲೋನ್ಯದ ನಿಲ್ದಾಣದಲ್ಲಿ ನಾನು ಕಾಯುತ್ತಾ ನಿಂತೆ. ವಿಮಾನ ನೆಲ ಮುಟ್ಟಿದಾಗ ನಮ್ಮವರು ಚಪ್ಪಾಳೆ ತಟ್ಟುತ್ತಾರೆ, ಅದು ನಮ್ಮ ಪದ್ಧತಿ. ಆ ದಿನವೂ ತಟ್ಟಿದರಂತೆ. ಮುಖದಲ್ಲಿ ಆ ಚಪ್ಪಾಳೆಯ ನಗೆ ಇನ್ನೂ ಅಂಟಿದ್ದ ಜನ ಒಬ್ಬೊಬ್ಬರಾಗಿ ಹೊರಬಂದರು. ಅಪ್ಪಿಕೊಂಡರು, ಬ್ಯಾಗು ಎಳೆದರು, ಹೋದರು. ಎಲ್ಲರ ಕೊನೆಗೆ ಗವ್ರಿಲಣ್ಣ ಬಂದ. ಮದುವೆಯ ಕೋಟು, ಕುರಿಚರ್ಮದ ಟೋಪಿ, ಅರ್ಧ ಮುಖಕ್ಕೆ ಗಡ್ಡ. ಪೇಪರಿನಲ್ಲಿ ಸುತ್ತಿದ ಬತ್ತಿಯನ್ನು ಎದೆಗೆ ಒತ್ತಿ ಹಿಡಿದಿದ್ದ, ಮಗುವನ್ನು ಹಿಡಿದ ಹಾಗೆ.

ನನ್ನ ನಾಲಗೆಗೆ ಮೂಳೆ ಇಲ್ಲ. "ಹೇಗಿತ್ತು ಗವ್ರಿಲಣ್ಣ?" ಎಂದುಬಿಟ್ಟೆ.

"ಅಲ್ಲಿ ಒಲೆ ಇರ್ಲಿಲ್ಲ," ಎಂದ. "ಎಷ್ಟಾಯ್ತೋ ಗೊತ್ತಾಗ್ಲಿಲ್ಲ."

ಶವಾಗಾರದಲ್ಲಿ ಬತ್ತಿ ಹಚ್ಚಲು ಬಿಡಲಿಲ್ಲ. ಛಾವಣಿಯಲ್ಲಿ ಹೊಗೆ ಕಂಡರೆ ಕಿರುಚುವ ಗಂಟೆ ಇತ್ತು. ಅವನು ಹಚ್ಚದ ಬತ್ತಿಯನ್ನೇ ಅವಳ ಬೆರಳುಗಳ ನಡುವೆ ಇಟ್ಟು ತನ್ನ ಕೈಯನ್ನು ಮೇಲಿಟ್ಟ. ಅದೇ ಕೈ, ಹೆಂಚಿನ ಬಿಸಿ ನೋಡುವ ಕೈ. ಅವನಿಗೆ ಏನು ಗೊತ್ತಾಯಿತೋ ನಾನು ಕೇಳಲಿಲ್ಲ.

ಆಮೇಲೆ ಅವಳ ಬಟ್ಟೆಬರೆ ತರಲು ಇರ್ಮಾ ಅಜ್ಜಿಯ ಮನೆಗೆ ಹೋದೆವು. ಕುರ್ಚಿಯಲ್ಲಿ ಕೂತಿದ್ದ ಮುದುಕಿ ಗವ್ರಿಲಣ್ಣನ ಟೋಪಿ ನೋಡಿ ಏನೋ ಕೇಳಿತು.

"ಏನಂತೆ?" ಎಂದ ಅವನು.

"ಸಾಫ್ತಾ ಎಲ್ಲಿ ಅಂತಾರೆ," ಎಂದೆ. "ಸೂಪು ತಣ್ಣಗಾಗ್ತಿದೆಯಂತೆ."

ಅವನು ಅಡುಗೆಮನೆಗೆ ಹೋಗಿ ಸೂಪು ಬಿಸಿ ಮಾಡಿ ತಂದು ಮುದುಕಿಯ ಮುಂದಿಟ್ಟ.

ಶವಪೆಟ್ಟಿಗೆ ರಸ್ತೆಯಲ್ಲೇ ಹೊರಟಿತು. ಮುಂದೆ ಅದನ್ನು ಸಾಗಿಸುವ ಕಪ್ಪು ಗಾಡಿ, ಹಿಂದೆ ನನ್ನ ವ್ಯಾನು. ಗವ್ರಿಲಣ್ಣ ಮುಂದಿನ ಸೀಟಿನಲ್ಲಿ ಕೂತು ಆ ಗಾಡಿಯ ಹಿಂಬಾಗಿಲನ್ನೇ ನೋಡುತ್ತಿದ್ದ. ಹನ್ನೆರಡು ವರ್ಷ ನನ್ನ ವ್ಯಾನಿಗೆ ಗಿರಾಕಿಯಾಗದವನು ಕೊನೆಗೂ ಆದ. ಗೆದ್ದೆ ಎಂದು ಎದೆ ತಟ್ಟಿಕೊಳ್ಳಬೇಕಾಗಿತ್ತು. ಆಸ್ಟ್ರಿಯದ ಸುರಂಗಗಳು ಕಳೆದವು. ಹಂಗೇರಿಯ ಬಯಲು ಬಂತು. ಆ ಬಯಲು ಎಂಥದ್ದು ಅಂದರೆ, ಇಡೀ ದಿನ ಓಡಿಸಿದರೂ ಅದೇ ಸೂರ್ಯಕಾಂತಿಯ ಒಣ ಕಡ್ಡಿ, ಅದೇ ಕೊಕ್ಕರೆ ಬಿಟ್ಟುಹೋದ ಗೂಡು. ಗಡಿಯ ಹತ್ತಿರ ನಾನು ತಡೆಯಲಾರದೆ, "ಅರ್ಧ ಆಯ್ತು," ಎಂದೆ. ಎಷ್ಟರಲ್ಲಿ ಅರ್ಧ ಎಂದು ಅವನು ಕೇಳಲಿಲ್ಲ.

ಗೊರುನೇನಿಯಲ್ಲಿ ಅವಳನ್ನು ಮಲಗುವ ಕೋಣೆಯಲ್ಲೇ ಇಟ್ಟರು, ಬೇರೆ ಕೋಣೆ ಅಷ್ಟು ದೊಡ್ಡದಿರಲಿಲ್ಲ. ಮೂಲೆಯಲ್ಲಿ ಹಸಿರು ಒಲೆ ನಿಂತಿತ್ತು. ಗುರುವಾರ, ಶುಕ್ರವಾರ ಹಗಲೆಲ್ಲ ಕೂತು ಅವನು ಅದನ್ನು ಮುಗಿಸಿದ್ದ. ಮೇಲಿನ ಸಾಲಿನ ತನಕ ದ್ರಾಕ್ಷಿ ಗೊಂಚಲು. ಹೆಣವಿರುವ ಕೋಣೆಯಲ್ಲಿ ಬೆಂಕಿ ಹಾಕುವಂತಿಲ್ಲ. ಹೊರಗೆ ಹಿಮ ಹುಡಿಹುಡಿಯಾಗಿ ಬೀಳುತ್ತಿತ್ತು. ಅವಳಿಗೆಂದು ಕಟ್ಟಿದ ಒಲೆಯ ಪಕ್ಕ ಅವಳು, ಸುತ್ತ ನಾವು ಕೋಟು ಹಾಕಿಕೊಂಡು ಪ್ಲಮ್ ಸಾರಾಯಿ ಕುಡಿಯುತ್ತಾ ನಡುಗುತ್ತಾ ಕೂತೆವು. ಬಂದ ಹೆಂಗಸರೆಲ್ಲ ಒಲೆಯನ್ನು ಮುಟ್ಟಿ ನೋಡಿ, ಎಷ್ಟು ಚೆನ್ನಾಗಿದೆ ಎಂದು ಪಿಸುಗುಟ್ಟಿ, ತಣ್ಣಗಾದ ಬೆರಳನ್ನು ಕಂಕುಳಿಗೆ ಸೇರಿಸಿಕೊಂಡರು.

"ದೇವರಿಗೆ ಅವಳ ದಾರಿ ಗೊತ್ತು, ಗವ್ರಿಲ್," ಎಂದರು ಪಾದ್ರಿ ವಿಸಾರಿಯೋನ್.

"ದೇವ್ರಿಗೆ ಗೊತ್ತು ಫಾದರ್," ಎಂದಳು ಅಗ್ಲಾಯಕ್ಕ, ಅವಳ ಬಾಯಿ ಯಾವತ್ತು ತಡೆದುಕೊಂಡಿತ್ತು, "ಅವಳಿಗೆ ಗೊತ್ತಾಗ್ಬೇಕಲ್ಲ? ಬೆಳಕಿಲ್ಲ, ಜೊತೆಗೆ ಯಾರೂ ಇಲ್ಲ." ಹೇಳಿದ ಮೇಲೆ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳು. ಗವ್ರಿಲಣ್ಣ ಕೇಳಿಸಿಕೊಂಡ. ತಲೆ ಮಾತ್ರ ಎತ್ತಲಿಲ್ಲ.

ಪ್ರಾಯಶ್ಚಿತ್ತಕ್ಕೆ ಅಗ್ಲಾಯಕ್ಕ ತನ್ನ ಅಂಗಡಿಯಲ್ಲಿದ್ದ ಮೇಣದ ಬತ್ತಿಯನ್ನೆಲ್ಲ ತಂದು ಹಂಚಿದಳು. ಹುಟ್ಟುಹಬ್ಬದ ಸಣ್ಣ ಗುಲಾಬಿ ಬತ್ತಿಗಳೂ ಅದರಲ್ಲಿದ್ದವು. ಸ್ಮಶಾನಕ್ಕೆ ಹೊರಟ ಊರಿನವರೆಲ್ಲರ ಕೈಯಲ್ಲೂ ಒಂದೊಂದು ಉರಿಯುತ್ತಿತ್ತು. ಒಂದು ಇಲ್ಲದೆ ಹೋದವಳಿಗೆ ಇನ್ನೂರು! ಚರ್ಚಿನ ತಿರುವಿನಲ್ಲಿ ಗುಡ್ಡದ ಕಡೆಯಿಂದ ಒಂದು ಗಾಳಿ ಬಂತು. ಒಂದೂ ಉಳಿಯಲಿಲ್ಲ. ಜನ ಬೆಂಕಿಪೊಟ್ಟಣ ತಡಕಿದರು, ಕೋಟು ಅಡ್ಡ ಹಿಡಿದರು, ಪಾದ್ರಿಯ ಬೆನ್ನಿನ ಮರೆಗೆ ಹೋದರು. ಹಚ್ಚಿದ್ದೆಲ್ಲ ಮತ್ತೆ ಆರಿತು. ಗವ್ರಿಲಣ್ಣ ಹಚ್ಚಲು ನೋಡಲೇ ಇಲ್ಲ. ಬೊಲೋನ್ಯಕ್ಕೆ ಹೋಗಿ ಬಂದ ಬತ್ತಿಯನ್ನು ಹಾಗೇ ಮಣ್ಣಿನಲ್ಲಿ ಅವಳ ಜೊತೆಗೆ ಇಟ್ಟ.

ಅದಾದ ಮೇಲೆ ಊರಲ್ಲಿ ಆ ಅಳತೆ ಸತ್ತಿತು. ಯಾರೂ ಬೇಡವೆನ್ನಲಿಲ್ಲ, ಆದರೆ ಯಾರ ಬಾಯಿಂದಲೂ ಹೊರಡಲಿಲ್ಲ. ಬೀಜ ಬೇಯಲು ಎರಡು ಗಂಟೆ ಎಂದಳು ಅಗ್ಲಾಯಕ್ಕ, ಯಾರೋ ಪರವೂರಿನವಳ ಹಾಗೆ. ಪಾದ್ರಿಯ ಪ್ರಾರ್ಥನೆ ಉದ್ದ ಎಂದಷ್ಟೇ ಹೇಳಿದೆವು. ಗವ್ರಿಲಣ್ಣ ಅಂಗಡಿಗೆ ಬಂದು, ಉಪ್ಪು ಕೊಂಡು, ಹೋಗುತ್ತಿದ್ದ. ಹಸಿರು ಒಲೆಗೆ ಅವನು ಬೆಂಕಿ ಹಾಕಿಲ್ಲವೆಂದು ಅವನ ಹೊಗೆಕೊಳವೆ ನೋಡಿದವರಿಗೆಲ್ಲ ಗೊತ್ತಿತ್ತು. ಆ ಚಳಿಯಲ್ಲಿ ಅವನು ಅಡುಗೆಮನೆಯಲ್ಲಿ ಮಲಗುತ್ತಿದ್ದ.

ನಲವತ್ತನೇ ದಿನದ ಊಟ ಅವನ ಅಂಗಳದಲ್ಲಾಯಿತು. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಹಾಕಿ ಹಂಚಿದರು. ಎಲೆಕೋಸಿನ ಸುರುಳಿ, ಮೆಕ್ಕೆಜೋಳದ ಮುದ್ದೆ, ಸಾರಾಯಿ. ಮೂರನೇ ಗ್ಲಾಸಿನ ಹೊತ್ತಿಗೆ ನನಗೆ ಆ ಮೌನ ಸಹಿಸಲು ಆಗಲಿಲ್ಲ. ಹನ್ನೆರಡು ವರ್ಷ ನನ್ನ ವ್ಯಾನನ್ನು ಹೀಯಾಳಿಸಿದ ಮನುಷ್ಯ ಇವನು! ಒಂದು ಬೈಗುಳವಾದರೂ ಬರಲಿ, ಒಂದು ಲೆಕ್ಕವಾದರೂ ಬರಲಿ. ಅವನು ಹಿತ್ತಲ ಬೇಲಿಯಾಚೆ, ಸ್ಮಶಾನದ ಹೊಸ ಮರದ ಶಿಲುಬೆಯ ಕಡೆ ನೋಡುತ್ತಿದ್ದ. ನಾನು ಗ್ಲಾಸು ಎತ್ತಿ ಹಳೆಯ ದನಿಯಲ್ಲೇ ಕೂಗಿದೆ:

"ಗವ್ರಿಲಣ್ಣ! ಅಳತೆಯ ದೊರೆ ನೀವು. ಹೇಳಿ ನೋಡೋಣ, ಇಲ್ಲಿಂದ ಸಾಫ್ತಕ್ಕ ಇರೋ ಜಾಗಕ್ಕೆ ಈಗ ಎಷ್ಟು ಬೊಲೋನ್ಯ?"

ಅಂಗಳವೆಲ್ಲ ಚಮಚ ಕೆಳಗಿಟ್ಟಿತು. ಅಗ್ಲಾಯಕ್ಕ ನನ್ನನ್ನು ಕೊಲ್ಲುವಂತೆ ನೋಡಿದಳು. ಆದರೆ ಅವಳೂ ಉತ್ತರಕ್ಕೆ ಕಾಯುತ್ತಿದ್ದಳು.

ಗವ್ರಿಲಣ್ಣ ಶಿಲುಬೆ ನೋಡಿದ, ಬೇಲಿ ನೋಡಿದ, ತನ್ನ ಬೂಟು ನೋಡಿಕೊಂಡ.

"ನಡೆದ್ರೆ ಐದು ನಿಮಿಷ," ಎಂದ.